ಹಾಡು ಬರೆದವಳು ನಾನೇ, ಹಕ್ಕು ಯಾರದು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾವೇರಿ ಜಿಲ್ಲೆಯವಳು, ಈಗ ಹುಬ್ಬಳ್ಳಿಯಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ. ಹಾಡು ನಾನೇ ಬರೆಯುತ್ತೇನೆ, ರಾಗ ನಾನೇ ಹಾಕುತ್ತೇನೆ, ನಾನೇ ಹಾಡುತ್ತೇನೆ. ಇದುವರೆಗೆ 6 ಹಾಡು ಮಾಡಿದ್ದೇನೆ. ಸ್ಟುಡಿಯೊ, ಪ್ರೋಗ್ರಾಮಿಂಗ್ (ಕಂಪ್ಯೂಟರ್‌ನಲ್ಲಿ ವಾದ್ಯ ಜೋಡಿಸುವುದು), ಮಿಕ್ಸಿಂಗ್ ಅಂತ ಒಂದೊಂದಕ್ಕೂ 15ರಿಂದ 20 ಸಾವಿರ ನನ್ನ ಸಂಬಳದಿಂದಲೇ ಹೋಗಿದೆ. ಅದರಲ್ಲಿ ಒಂದು ಹಾಡನ್ನು ಬೇರೆ ಗಾಯಕಿಯೊಬ್ಬರು ರೀಲ್ಸ್‌ನಲ್ಲಿ ಹಾಡಿದರು, ಅದು ತುಂಬಾ ಓಡಿತು. ನನ್ನ ಹೆಸರು ಎಲ್ಲೂ ಇಲ್ಲ. ಈಗ ಒಂದು ಆಡಿಯೊ ಕಂಪನಿಯವರು ಆರೂ ಹಾಡಿಗೆ ಸೇರಿಸಿ 40 ಸಾವಿರ ಕೊಡುತ್ತೇವೆ, ಅಗ್ರಿಮೆಂಟಿಗೆ ಸಹಿ ಹಾಕಿ ಅಂತಿದ್ದಾರೆ. ಇನ್ನೊಬ್ಬರು 12 ಸಾವಿರ ಕೊಟ್ಟರೆ ಪ್ಲೇಲಿಸ್ಟಿಗೆ ಹಾಕಿಸಿ ಒಂದು ಲಕ್ಷ ಸ್ಟ್ರೀಮ್ ಕೊಡಿಸುತ್ತೇವೆ ಅಂತಾರೆ. ಇದರ ಮಧ್ಯೆ ನನ್ನದೇ ಚಾನೆಲ್‌ನಲ್ಲಿ, ನನ್ನದೇ ಹಾಡಿಗೆ ಕಾಪಿರೈಟ್ ಕ್ಲೇಮ್, ಅಂದರೆ ಇದು ನಮ್ಮದು ಅಂತ ಬೇರೆಯವರ ತಕರಾರು, ಬಂದಿದೆ. ಮುಂದಿನ ಹಾಡಿಗೆ ಬೇಂದ್ರೆಯವರ ಕವಿತೆಯೊಂದಕ್ಕೆ ರಾಗ ಹಾಕಿಟ್ಟುಕೊಂಡಿದ್ದೇನೆ. ಕೆಲಸ ಬಿಟ್ಟು ಪೂರ್ತಿ ಹಾಡಿನ ಕಡೆಗೇ ಬರೋಣ ಅನ್ನಿಸುತ್ತಿದೆ. ಅಗ್ರಿಮೆಂಟಿನ ಕರಡು ಜೊತೆಗಿದೆ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಕರಡನ್ನು ಪೂರ್ತಿ ಓದಿದೆ. ನೀವು ಒಂದು ಲಕ್ಷದ ಹತ್ತಿರ ಖರ್ಚು ಮಾಡಿ ಮಾಡಿದ ಆರು ಹಾಡನ್ನು 40 ಸಾವಿರಕ್ಕೆ, ನಿಮ್ಮ ಕಾಲ ಮುಗಿದ ಮೇಲೂ ವಾಪಸ್ ಬರದ ಹಾಗೆ ಬರೆಸಿಕೊಳ್ಳುವ ಕಾಗದ ಅದು. ಅವರ ಜೊತೆ ವ್ಯವಹಾರವೇ ಬೇಡ ಅಂತ ನಾನು ಹೇಳಲ್ಲ. ಬೇರೆ ಷರತ್ತಿನ ಮೇಲೆ ಮಾಡಬಹುದು. ಅದಕ್ಕೆ ಮೊದಲು ನಿಮ್ಮ ಕೈಯಲ್ಲಿ ಏನಿದೆ ಅನ್ನೋದು ನಿಮಗೆ ಸರಿಯಾಗಿ ಗೊತ್ತಿರಬೇಕು.

ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯದ ಹಕ್ಕು ಬರೆದವರದು. ರಾಗದ ಹಕ್ಕು ಸಂಯೋಜಿಸಿದವರದು. ಈ ಎರಡೂ ನೀವು ಬದುಕಿರುವವರೆಗೆ, ಆಮೇಲೆ ಇನ್ನೂ 60 ವರ್ಷ ಇರುತ್ತವೆ. ಮೂರನೆಯದು ರೆಕಾರ್ಡಿಂಗ್, ಅಂದರೆ ಮಾಸ್ಟರ್. ಅದು ಪ್ರಕಟವಾದ ಮೇಲೆ 60 ವರ್ಷ. ರೆಕಾರ್ಡಿಂಗ್ ಮಾಡಿಸಲು ಯಾರು ಮುಂದಾದರೋ, ಯಾರು ಜವಾಬ್ದಾರಿ ಹೊತ್ತರೋ ಅವರೇ ಅದರ ನಿರ್ಮಾಪಕರು ಅಂತ ನಮ್ಮ 1957ರ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಸ್ಟುಡಿಯೊ ಬುಕ್ ಮಾಡಿದ್ದು ನೀವು, ದುಡ್ಡು ಕೊಟ್ಟಿದ್ದು ನೀವು. ಹಾಗಾಗಿ ಮಾಸ್ಟರ್ ನಿಮ್ಮದು. ಇದಲ್ಲದೆ ಹಾಡಿದವರಾಗಿ ನಿಮಗೆ ಗಾಯಕಿಯ ಹಕ್ಕು ಬೇರೆ ಇದೆ. ಸಿನಿಮಾಕ್ಕೆ ಹಾಡುವ ದೊಡ್ಡ ಹೆಸರಿನ ಗಾಯಕರ ಹತ್ತಿರವೂ ಸಾಮಾನ್ಯವಾಗಿ ಇರುವುದು ಈ ಕೊನೆಯದೊಂದೇ. ನಿಮ್ಮ ಹತ್ತಿರ ನಾಲ್ಕೂ ಇವೆ. ಕಂಪನಿಯವರು ನಿಮ್ಮನ್ನು ಹುಡುಕಿಕೊಂಡು ಬಂದಿದ್ದೇ ಅದಕ್ಕೆ.

ಅವರ ಲೆಕ್ಕಾಚಾರ ನಿಮಗೂ ಅರ್ಥವಾಗಬೇಕು. ಕ್ಯಾಸೆಟ್ ಕಾಲದಲ್ಲಿ ಕನ್ನಡದಲ್ಲಿ ಸಿನಿಮಾ ಬಿಟ್ಟು ಬೇರೆ ಹಾಡಿಗೂ ಒಳ್ಳೆಯ ಮಾರುಕಟ್ಟೆ ಇತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆ ಸೇರಿತು. ಆಗ ಕಂಪನಿಗೆ ಆದಾಯ ಬರುತ್ತಿದ್ದದ್ದು ಅಂಗಡಿಯಲ್ಲಿ ಮಾರಿದ ಕ್ಯಾಸೆಟ್‌ನಿಂದ. ಈಗ ಬರುವುದು ಕ್ಯಾಟಲಾಗ್‌ನಿಂದ. ಸಾವಿರಾರು ಹಾಡು ಕೈಯಲ್ಲಿದ್ದರೆ ಒಂದೊಂದರಿಂದ ಸ್ವಲ್ಪ ಸ್ವಲ್ಪ ಬಂದರೂ ವರ್ಷಾನುಗಟ್ಟಲೆ ಬರುತ್ತಲೇ ಇರುತ್ತದೆ. ನಿಮ್ಮ ಆರು ಹಾಡಿನಲ್ಲಿ ಐದು ಮಲಗಿದ್ದರೂ ಅವರಿಗೆ ನಷ್ಟವಿಲ್ಲ. ಒಂದು ಎದ್ದರೆ ಸಾಕು.

ಈಗ ಕರಡಿಗೆ ಬರೋಣ. ಅದರಲ್ಲಿ ನಾಲ್ಕು ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ.

ಎರಡನೇ ಕಲಮಿನಲ್ಲಿ 'ಅಸೈನ್‌ಮೆಂಟ್' (ಹಕ್ಕು ಬರೆದುಕೊಡುವುದು) ಅಂತಿದೆ, 'ಪರ್ಪೆಚ್ಯುಯಲ್' (ಶಾಶ್ವತವಾಗಿ) ಅಂತಿದೆ, 'ವರ್ಲ್ಡ್‌ವೈಡ್' (ಜಗತ್ತಿನಾದ್ಯಂತ) ಅಂತಿದೆ. ಮೂರೂ ಸೇರಿದರೆ ನೀವು ಹೊಲವನ್ನು ಕ್ರಯಪತ್ರ ಮಾಡಿಕೊಟ್ಟ ಹಾಗೆ. ನಿಮಗೆ ಬೇಕಾಗಿರುವುದು ಗುತ್ತಿಗೆ. ಅದಕ್ಕೆ 'ಲೈಸೆನ್ಸ್' ಅಂತ ಬರೆಸಬೇಕು, ಅವಧಿ ಹಾಕಿಸಬೇಕು. 3 ವರ್ಷ ಕೇಳಿ, 5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಬೇಡ. ಅವಧಿ ಬರೆಯದೇ ಬಿಟ್ಟರೆ ಕಾನೂನು ಅದನ್ನು 5 ವರ್ಷ ಅಂತಲೇ ಲೆಕ್ಕ ಹಾಕುತ್ತದೆ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅನ್ನುತ್ತದೆ. ಕಂಪನಿಯ ವಕೀಲರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಎರಡು ಪದವನ್ನು ಮರೆಯದೆ ಸೇರಿಸುತ್ತಾರೆ.

ಅದೇ ಕಲಮಿನ ಕೆಳಗೆ 'ಈಗ ಇರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮ' ಅಂತಿದೆ. 2012ರ ತಿದ್ದುಪಡಿಯ ಪ್ರಕಾರ, ಸಹಿ ಹಾಕಿದ ದಿನ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ ಹಕ್ಕು ಹೋಗಬೇಕಾದರೆ ಆ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸಿರಬೇಕು. ಸುಮ್ನೆ 'ಎಲ್ಲ' ಅಂತ ಬರೆದರೆ ಅದನ್ನು ಪ್ರಶ್ನಿಸಬಹುದು. ಆದರೆ ಕೋರ್ಟಿಗೆ ಹೋಗಿ ಪ್ರಶ್ನಿಸುವುದಕ್ಕಿಂತ ಈಗಲೇ ಹೊಡೆದುಹಾಕಿಸುವುದು ಸುಲಭ ಅಲ್ವಾ? ಯಾವ ಯಾವ ಮಾಧ್ಯಮ ಅಂತ ಪಟ್ಟಿ ಕೇಳಿ.

ಮೂರನೆಯದು ತುಂಬಾ ಸಣ್ಣ ಸಾಲು, ಯಾರ ಕಣ್ಣಿಗೂ ಬೀಳುವುದಿಲ್ಲ: ಸೆಕ್ಷನ್ 19(4) ತಮಗೆ ಅನ್ವಯಿಸುವುದಿಲ್ಲ ಅಂತ ನಿಮ್ಮಿಂದ ಒಪ್ಪಿಸಿಕೊಂಡಿದ್ದಾರೆ. ಹಕ್ಕು ತೆಗೆದುಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಬಳಸದ ಹಕ್ಕು ವಾಪಸ್ ನಿಮಗೇ ಬರುತ್ತದೆ ಅನ್ನುವ ಸೆಕ್ಷನ್ ಅದು. ಅದನ್ನು ಬಿಟ್ಟುಕೊಟ್ಟರೆ ಅವರು ಹಾಡನ್ನು ಬಿಡುಗಡೆಯೇ ಮಾಡದೆ ಕಪಾಟಿನಲ್ಲಿ ಇಟ್ಟರೂ ನೀವು ಏನೂ ಮಾಡುವ ಹಾಗಿಲ್ಲ. ಎಷ್ಟೋ ಒಳ್ಳೆಯ ಹಾಡುಗಳು ಹೀಗೆ ಕಪಾಟಿನಲ್ಲೇ ಉಳಿದಿವೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಈ ಸಾಲು ಹೋಗಲೇಬೇಕು.

ನಾಲ್ಕನೆಯದು, ನಿಮ್ಮ ಮುಂದಿನ 10 ಹಾಡನ್ನು ಮೊದಲು ಅವರಿಗೇ ಕೊಡಬೇಕು, ಇದೇ ದರಕ್ಕೆ ಕೊಡಬೇಕು ಅನ್ನುವುದು. ಇನ್ನೂ ಹುಟ್ಟದ ಹಾಡಿಗೆ ಇವತ್ತೇ ಬೆಲೆ ಕಟ್ಟುವುದು ಅನ್ಯಾಯ. ಇದನ್ನು ಅವರು ಬಿಡದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ.

ಇಷ್ಟೆಲ್ಲದರ ಮಧ್ಯೆ ಒಂದು ಧೈರ್ಯದ ಮಾತೂ ಇದೆ. ಸಾಹಿತ್ಯ ಮತ್ತು ರಾಗಕ್ಕೆ ಬರಬೇಕಾದ ರಾಯಲ್ಟಿಯ ಅರ್ಧ ಪಾಲನ್ನು ನಿಮ್ಮಿಂದ ಯಾವ ಅಗ್ರಿಮೆಂಟೂ ಕಿತ್ತುಕೊಳ್ಳಲಾರದು. 2012ರಲ್ಲಿ ಸಂಸತ್ತು ಈ ಬದಲಾವಣೆ ತಂದಾಗ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದರು, ಅದಕ್ಕಾಗಿ ಗಟ್ಟಿಯಾಗಿ ಹೋರಾಡಿದರು. ನೀವು ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ನಿಮಗೆ ಉಳಿಯುತ್ತದೆ. 'ರಾಯಲ್ಟಿ ಬೇಡ' ಅಂತ ನೀವೇ ಬರೆದುಕೊಟ್ಟರೂ ಆ ಬರಹ ಊರ್ಜಿತವಲ್ಲ. ಆ ಪಾಲನ್ನು ವಾರಸುದಾರರಿಗೆ ಇಲ್ಲವೇ ಕಾಪಿರೈಟ್ ಸೊಸೈಟಿಗೆ ಮಾತ್ರ ಒಪ್ಪಿಸಬಹುದು.

ಆದರೆ ಕಾನೂನಿನಲ್ಲಿ ಇದ್ದ ಮಾತ್ರಕ್ಕೆ ದುಡ್ಡು ಮನೆಗೆ ಬರುವುದಿಲ್ಲ. ಅದಕ್ಕೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯರಾಗಬೇಕು. ಇದು 1969ರಲ್ಲಿ ಶುರುವಾದ ಸೊಸೈಟಿ. ಹಾಡು ಬರೆದವರು, ರಾಗ ಹಾಕಿದವರು, ಪ್ರಕಾಶಕರು ಇದರ ಸದಸ್ಯರು. ಟಿವಿ, ರೇಡಿಯೊ, ಹೋಟೆಲ್, ವೇದಿಕೆ ಕಾರ್ಯಕ್ರಮ, ಆನ್‌ಲೈನ್ ಆಪ್‌ಗಳಿಂದ ಶುಲ್ಕ ವಸೂಲಿ ಮಾಡಿ ಹಂಚುತ್ತದೆ. ಪಾನ್ ಕಾರ್ಡ್, ಬ್ಯಾಂಕ್ ವಿವರ, ಬಿಡುಗಡೆಯಾದ ಹಾಡಿನ ವಿವರ ಇದ್ದರೆ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಗಾಯಕರಿಗೆ 2013ರಲ್ಲಿ ಇಸ್ರಾ ಅನ್ನುವ ಹೆಸರಿನಲ್ಲಿ ಹುಟ್ಟಿದ ಬೇರೆ ಸೊಸೈಟಿ ಇದೆ, ಈಗ ಅದರ ಹೆಸರು ಇಸಾಮ್ರಾ. ನೀವು ಎರಡಕ್ಕೂ ಅರ್ಹರು. ಕನ್ನಡದಲ್ಲಿ ಸ್ವಂತ ಹಾಡು ಮಾಡುವ ಹುಡುಗ ಹುಡುಗಿಯರು ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಕ್ಯಾಮೆರಾಗೆ, ಡ್ರೋನ್ ಶಾಟ್‌ಗೆ 30 ಸಾವಿರ ಹಾಕುತ್ತಾರೆ, ಈ ಅರ್ಜಿ ತುಂಬಲು ಒಂದು ಭಾನುವಾರ ಕೊಡುವುದಿಲ್ಲ.

ಅರ್ಜಿ ತುಂಬುವಾಗ ಹೆಸರಿನ ಬಗ್ಗೆ ಎಚ್ಚರ. ನಿಮ್ಮ ಆರು ಹಾಡಿನ ವಿವರ ತೆಗೆದು ನೋಡಿದೆ. ಇಂಗ್ಲಿಷ್ ಅಕ್ಷರದಲ್ಲಿ ನಿಮ್ಮ ಹೆಸರು ಮೂರು ಥರ ಇದೆ. ಒಂದು ಕಡೆ ಇನಿಷಿಯಲ್ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಇನಿಷಿಯಲ್ಲೇ ಇಲ್ಲ, ಊರಿನ ಹೆಸರು ಇದೆ. ಕಂಪ್ಯೂಟರ್‌ಗೆ ಇವು ಮೂರು ಬೇರೆ ಬೇರೆ ಮನುಷ್ಯರು. ಎರಡು ಹಾಡಿನಲ್ಲಿ ಸಾಹಿತ್ಯ ಯಾರದು ಅನ್ನುವ ಜಾಗವೇ ಖಾಲಿ. ಹೀಗಿದ್ದರೆ ದುಡ್ಡು ಬಂದರೂ ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ಎಲ್ಲೋ ಉಳಿಯುತ್ತದೆ. ಒಂದೇ ಕಾಗುಣಿತ ಆರಿಸಿಕೊಳ್ಳಿ, ಎಲ್ಲ ಕಡೆ ಅದನ್ನೇ ತಿದ್ದಿಸಿ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಕೋಡ್ ಇರುತ್ತದೆ. ನೀವು ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಆಪ್‌ಗಳಿಗೆ ತಲುಪಿಸುವ ಕಂಪನಿ, ಮೂಲಕ ಹಾಡು ಹಾಕಿದಾಗ ಅವರೇ ಕೊಡುತ್ತಾರೆ. ಆರೂ ಕೋಡ್ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದರೂ ಹಳೆಯ ಕೋಡನ್ನೇ ಕೊಟ್ಟರೆ ನಿಮ್ಮ ಹಳೆಯ ಪ್ಲೇ ಲೆಕ್ಕ ಕೈತಪ್ಪುವುದಿಲ್ಲ.

ಇನ್ನು ನಿಮ್ಮ ಹಾಡಿಗೇ ಬಂದ ಕ್ಲೇಮ್. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಕ್ಲೇಮ್ ಮಾಡಿದವರ ಹೆಸರಿನ ಜಾಗದಲ್ಲಿ ಒಂದು ಡಿಸ್ಟ್ರಿಬ್ಯೂಟರ್ ಇದೆ. ಇಂಥದ್ದು ಸಾಮಾನ್ಯವಾಗಿ ಎರಡು ಕಾರಣಕ್ಕೆ ಆಗುತ್ತದೆ. ಪ್ರೋಗ್ರಾಮಿಂಗ್ ಮಾಡಿದವರು ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಬರುವ ಸಂಗೀತದ ತುಣುಕು) ಅಥವಾ ಬೀಟ್ ಬಳಸಿರುತ್ತಾರೆ, ಅದೇ ಬೀಟ್ ಬಳಸಿದ ಬೇರೆ ಯಾರೋ ಅದನ್ನು ತಮ್ಮದು ಅಂತ ಕಂಟೆಂಟ್ ಐಡಿಯಲ್ಲಿ, ಅಂದರೆ ಯೂಟ್ಯೂಬ್ ಹಾಡು ಯಾರದು ಅಂತ ತಾನೇ ಗುರುತಿಸುವ ವ್ಯವಸ್ಥೆಯಲ್ಲಿ, ನೋಂದಾಯಿಸಿರುತ್ತಾರೆ. ಇಲ್ಲವೇ ನಿಮ್ಮ ಟ್ರ್ಯಾಕನ್ನೇ ಸ್ಟುಡಿಯೊ ಕಡೆಯವರು ತಮ್ಮ ಹೆಸರಿನಲ್ಲಿ ಅಪ್‌ಲೋಡ್ ಮಾಡಿರುತ್ತಾರೆ. ಮೊದಲು ಪ್ರೋಗ್ರಾಮರ್‌ಗೆ ಫೋನ್ ಮಾಡಿ ಸಮಾಧಾನವಾಗಿ ಕೇಳಿ. ಬಹಳ ಸಲ ಅಲ್ಲಿಗೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಡಿಸ್ಪ್ಯೂಟ್, ಅಂದರೆ ಆಕ್ಷೇಪ, ಹಾಕಿ. ಕ್ಲೇಮ್ ಮಾಡಿದವರು 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ನಿಮ್ಮ ಚಾನೆಲ್‌ಗೆ ಜಾಹೀರಾತಿನ ಆದಾಯ ಬರುತ್ತಿದ್ದರೆ, ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೇ ಆ ದುಡ್ಡನ್ನು ತೀರ್ಮಾನ ಆಗುವವರೆಗೆ ತಡೆಹಿಡಿಯುತ್ತಾರೆ. ತಡ ಮಾಡಿದರೆ ಅಷ್ಟು ದಿನದ್ದು ಅವರ ಪಾಲಾಗುತ್ತದೆ.

ಇನ್ನು ಮುಂದೆ ಪ್ರೋಗ್ರಾಮರ್‌ಗೆ ಕೊನೆಯ ಕಂತು ಕೊಡುವ ಮೊದಲು ಒಂದು ಪುಟದ ಕಾಗದಕ್ಕೆ ಸಹಿ ತೆಗೆದುಕೊಳ್ಳಿ. ಇಂಥ ಹಾಡಿಗೆ ಇಷ್ಟು ಸಂಭಾವನೆ ಪಡೆದಿದ್ದೇನೆ, ರೆಕಾರ್ಡಿಂಗ್‌ನ ಹಕ್ಕು ಇವರದು, ನಾನು ಬೇರೆ ಎಲ್ಲೂ ಅಪ್‌ಲೋಡ್ ಮಾಡುವುದಿಲ್ಲ, ಬಳಸಿದ ಲೂಪ್‌ಗಳಿಗೆ ಲೈಸೆನ್ಸ್ ಇದೆ. ಇಷ್ಟೇ ಸಾಕು. ಅದೇ ದಿನ ಪೂರ್ತಿ ಮಾಸ್ಟರ್, ವಾಯ್ಸ್ ಇಲ್ಲದ ಟ್ರ್ಯಾಕ್, ಒಂದೊಂದು ವಾದ್ಯದ ಬೇರೆ ಬೇರೆ ಫೈಲ್ ಎಲ್ಲವನ್ನೂ ನಿಮ್ಮ ಹಾರ್ಡ್ ಡಿಸ್ಕ್‌ಗೆ ಹಾಕಿಸಿಕೊಳ್ಳಿ. ಸ್ಟುಡಿಯೊಗಳು ಮುಚ್ಚುತ್ತವೆ. ಆಪ್‌ಗಳೂ ಮುಚ್ಚುತ್ತವೆ. 2024ರಲ್ಲೇ ರೆಸ್ಸೊ ಭಾರತದಿಂದ ಹೋಯಿತು, ಏರ್‌ಟೆಲ್‌ನ ವಿಂಕ್ ಕೂಡ ನಿಂತಿತು.

ರೀಲ್ಸ್‌ನಲ್ಲಿ ನಿಮ್ಮ ಹಾಡು ಹಾಡಿದವರಿಗೆ ಮೊದಲು ಒಂದು ಸೌಜನ್ಯದ ಸಂದೇಶ ಕಳಿಸಿ. 'ಹಾಡು ಇಷ್ಟವಾಗಿ ಹಾಡಿದ್ದಕ್ಕೆ ಸಂತೋಷ. ಸಾಹಿತ್ಯ, ರಾಗ ನನ್ನದು. ದಯವಿಟ್ಟು ಹೆಸರು ಹಾಕಿ, ಟ್ಯಾಗ್ ಮಾಡಿ.' ಹೆಚ್ಚಿನವರು ಮಾಡುತ್ತಾರೆ, ಎಷ್ಟೋ ಸಲ ಹಾಡು ಯಾರದು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಕರ್ತೃವಿನ ಹೆಸರು ಹೇಳಿಸಿಕೊಳ್ಳುವ ಹಕ್ಕು ಸೆಕ್ಷನ್ 57ರಲ್ಲಿ ನಿಮಗಿದೆ, ಹಾಡು ಮಾರಿದ ಮೇಲೂ ಇರುತ್ತದೆ. ಅವರು ಅದನ್ನು ರೀಲ್ಸ್ ದಾಟಿ ಆಡಿಯೊ ಆಪ್‌ಗಳಲ್ಲಿ ಬಿಡುಗಡೆ ಮಾಡಿದರೆ ಮಾತ್ರ ವಿಷಯ ಬೇರೆ. ಹೊಸ ಹಾಡಿನ ಕವರ್ (ಬೇರೆಯವರು ಮತ್ತೆ ಹಾಡಿದ ರೆಕಾರ್ಡಿಂಗ್) ಬಿಡುಗಡೆಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಕಾಯ್ದೆಯಲ್ಲಿ ಕವರ್‌ಗೆ ಒಂದು ದಾರಿ ಇದೆ, ಆದರೆ ಮೊದಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು 5 ವರ್ಷ ಕಳೆಯುವವರೆಗೆ ಅದು ತೆರೆಯುವುದಿಲ್ಲ. ಮತ್ತೆ ನಿಮ್ಮ ಮೂಲ ಆಡಿಯೊ ಇನ್‌ಸ್ಟಾಗ್ರಾಂ ಲೈಬ್ರರಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್‌ಗೆ ಹೇಳಿ ಹಾಕಿಸಿ. ಜನ ರೀಲ್ ಮಾಡುವಾಗ ಹುಡುಕಿದರೆ ನಿಮ್ಮ ದನಿಯೇ ಸಿಗಬೇಕು.

ಆ 12 ಸಾವಿರದ ಪ್ಲೇಲಿಸ್ಟ್ ಮಂದಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇಷ್ಟು ದುಡ್ಡಿಗೆ ಇಷ್ಟು ಸ್ಟ್ರೀಮ್ ಅಂತ ಗ್ಯಾರಂಟಿ ಕೊಡುವವರು ಕೊಡುವುದು ಯಂತ್ರದ ಪ್ಲೇ, ಮನುಷ್ಯರ ಕಿವಿ ಅಲ್ಲಿರುವುದಿಲ್ಲ. ಸ್ಪಾಟಿಫೈ ಇದನ್ನು ಪತ್ತೆ ಹಚ್ಚಿದರೆ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ, ಡಿಸ್ಟ್ರಿಬ್ಯೂಟರ್ ನಿಮ್ಮ ಹಾಡನ್ನೇ ತೆಗೆದುಹಾಕಬಹುದು.

ಸ್ಟ್ರೀಮಿಂಗ್ ದುಡ್ಡಿನ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಒಂದು ಪ್ಲೇಗೆ ಇಷ್ಟು ಅಂತ ನಿಗದಿ ಇಲ್ಲ. ಆ ತಿಂಗಳು ಬಂದ ಒಟ್ಟು ಆದಾಯದಲ್ಲಿ ನಿಮ್ಮ ಹಾಡಿನ ಪಾಲು ಎಷ್ಟೋ ಅಷ್ಟು. ನಮ್ಮಲ್ಲಿ ಚಂದಾ ಅಗ್ಗ, ಪುಕ್ಕಟೆ ಕೇಳುವವರೇ ಹೆಚ್ಚು, ಹಾಗಾಗಿ ಆ ಒಟ್ಟು ಮೊತ್ತವೇ ಚಿಕ್ಕದು. ಹಾವೇರಿಯ ಒಂದು ಪ್ಲೇಗಿಂತ ನ್ಯೂಜೆರ್ಸಿಯ ಕನ್ನಡಿಗರ ಒಂದು ಪ್ಲೇಗೆ ಜಾಸ್ತಿ ಬರುತ್ತದೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1000 ಸಲ ಓಡದಿದ್ದರೆ ಅದರ ರೆಕಾರ್ಡಿಂಗ್‌ಗೆ ಏನೂ ಇಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ನಾಲ್ಕು ನಿಮಿಷದ ಹಾಡು ಹಾಕುವವರಿಗೆ ಆ 4000 ಗಂಟೆ ಸುಲಭವಲ್ಲ. ಅಲ್ಲಿಗೆ ಮುಟ್ಟಿದ ಮೇಲೆ ತೆರಿಗೆಯ ಅರ್ಜಿಯನ್ನು ಮರೆಯದೆ ತುಂಬಿ. ಅಮೆರಿಕದ ವೀಕ್ಷಕರಿಂದ ಬಂದ ಆದಾಯಕ್ಕೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಅರ್ಜಿ ತುಂಬಿದರೆ ಭಾರತದ ಒಪ್ಪಂದದಂತೆ ಆ ಭಾಗಕ್ಕೆ ಮಾತ್ರ 15 ಶೇಕಡಾ. ತುಂಬದಿದ್ದರೆ ಇಡೀ ಜಗತ್ತಿನ ಆದಾಯದ ಮೇಲೆ 24 ಶೇಕಡಾವರೆಗೆ ಹೋಗಬಹುದು.

ನಿಜವಾದ ಸಂಪಾದನೆ ವೇದಿಕೆಯಲ್ಲಿದೆ. ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಆಲ್ಬಂ ಬರುವ ಮೊದಲೂ, ಬಂದ ಮೇಲೂ ಅವರನ್ನು ಬೆಳೆಸಿದ್ದು ಜನರ ಮುಂದೆ ನಿಂತು ಹಾಡಿದ್ದು. ಶರೀಫರ ಪದಗಳನ್ನು ಹೊರದೇಶದ ವೇದಿಕೆಗಳವರೆಗೆ ಒಯ್ದರು. ನಮ್ಮ ಕಡೆ ನವೆಂಬರ್ ಅಂದರೆ ರಾಜ್ಯೋತ್ಸವದ ಸುಗ್ಗಿ. ಬೆಂಗಳೂರಿನ ಕಂಪನಿಗಳು, ಅಪಾರ್ಟ್‌ಮೆಂಟ್‌ಗಳು, ಕಾಲೇಜುಗಳು ಎಲ್ಲರಿಗೂ ಕನ್ನಡ ಹಾಡುವವರು ಬೇಕು. ಅದಕ್ಕೆ ಆಗಸ್ಟ್‌ನಲ್ಲೇ ಮಾತಾಡಿಟ್ಟುಕೊಳ್ಳಬೇಕು. 45 ನಿಮಿಷದ ಕಾರ್ಯಕ್ರಮ ಸಿದ್ಧ ಮಾಡಿಕೊಳ್ಳಿ: ಒಂದು ಗಿಟಾರ್, ಒಂದು ಕಹೋನ್ (ಪೆಟ್ಟಿಗೆಯಂಥ ತಾಳವಾದ್ಯ) ಅಥವಾ ತಬಲಾ, ನೀವು. ಇಬ್ಬರು ಜೊತೆಗಾರರ ಸಂಭಾವನೆ, ಪ್ರಯಾಣ, ಊಟ ಸೇರಿಸಿ ದರ ಹೇಳಿ. ಅರ್ಧ ಮುಂಗಡ ಬಂದ ಮೇಲೆಯೇ ದಿನಾಂಕ ಖಾತ್ರಿ ಮಾಡಿ. 'ಪ್ರಚಾರ ಸಿಗುತ್ತೆ, ಪುಕ್ಕಟೆ ಹಾಡಿ' ಅಂದರೆ, ಸೌಂಡ್‌ನವರಿಗೂ ಶಾಮಿಯಾನದವರಿಗೂ ಕೊಡುತ್ತೀರಲ್ಲ, ನಮಗೂ ಕೊಡಿ ಅನ್ನಿ. ಇದನ್ನು ಕೇಳಲು ನಾಚಿಕೆ ಪಡಬೇಡಿ. ನಿಮ್ಮ ಜೊತೆ ಬರುವ ತಬಲಾದವರ ಮನೆ ಖರ್ಚೂ ಅದರಲ್ಲಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳಿಗೂ ಅರ್ಜಿ ಹಾಕಿ. ದುಡ್ಡು ಕೈಗೆ ಬರುವುದು ನಿಧಾನ, ಜೊತೆಗಾರರಿಗೆ ಕೊಡಲು ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಒಪ್ಪಿಕೊಳ್ಳಿ.

ಸಿನಿಮಾದವರು ಟ್ರ್ಯಾಕ್ (ಮುಖ್ಯ ಗಾಯಕರು ಬರುವ ಮೊದಲು ಮಾದರಿಗೆ ಹಾಡುವುದು) ಹಾಡಲು ಕರೆದರೆ ಹೋಗಿ, ಕಲಿಯುವುದು ಇದೆ. ಆದರೆ ಟ್ರ್ಯಾಕ್ ಹಾಡಿದ್ದಕ್ಕೆ ಅಂದೇ ಸಂಭಾವನೆ ತೆಗೆದುಕೊಳ್ಳಿ. ಕೊನೆಗೆ ಮುಂಬೈಯಿಂದ ಬಂದ ದನಿ ಅದರ ಜಾಗದಲ್ಲಿ ಕೂರುವುದು ಇಲ್ಲಿ ದಿನನಿತ್ಯದ ಮಾತು.

ಬೇಂದ್ರೆಯವರ ಕವಿತೆ. ಅವರು ತೀರಿಕೊಂಡದ್ದು 1981ರಲ್ಲಿ. 60 ವರ್ಷ ಸೇರಿಸಿ, 2041ರ ಕೊನೆಯವರೆಗೆ ಹಕ್ಕು ವಾರಸುದಾರರಲ್ಲಿ ಇರುತ್ತದೆ. ಹಾಗಾಗಿ ಬಿಡುಗಡೆಗೆ ಮೊದಲು ಅವರ ಲಿಖಿತ ಒಪ್ಪಿಗೆ ಬೇಕು. ಕುವೆಂಪು ಅವರದಾದರೆ 2054ರವರೆಗೆ. ಶಿಶುನಾಳ ಶರೀಫರು, ದಾಸರು, ವಚನಕಾರರು ಎಲ್ಲರಿಗೂ ಸೇರಿದವರು, ಅವರ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಶರೀಫರ ಪದವನ್ನು ಸಿ. ಅಶ್ವಥ್ ಹಾಕಿದ ರಾಗದಲ್ಲೇ ಹಾಡಿದರೆ ಲೆಕ್ಕ ಬೇರೆ. ಅಶ್ವಥ್ ಹೋದದ್ದು 2009ರಲ್ಲಿ, ಆ ರಾಗ ಸಂಯೋಜನೆಗೆ 2069ರವರೆಗೆ ಹಕ್ಕಿದೆ. ನಿಮ್ಮದೇ ರಾಗ ಹಾಕಿ, ಆಗ ಆ ರಾಗದ ಹಕ್ಕು ನಿಮ್ಮದೇ. ಬೇಂದ್ರೆಯವರ ಸಾಲಿಗೆ ನಿಮ್ಮ ರಾಗ ಕೇಳಬೇಕು ಅನ್ನುವ ಆಸೆ ನನಗೂ ಇದೆ, ಒಪ್ಪಿಗೆ ಕೇಳಿ ಪತ್ರ ಬರೆಯಿರಿ.

ಕೆಲಸ ಬಿಡುವ ಮಾತು. ಈಗ ಬೇಡ. ನಿಮ್ಮ ಸಂಬಳವೇ ನಿಮ್ಮ ನಿರ್ಮಾಪಕ. ಆ ಸಂಬಳ ಇರುವುದರಿಂದಲೇ ನೀವು 40 ಸಾವಿರಕ್ಕೆ ಬೇಡ ಅನ್ನಬಲ್ಲಿರಿ. ತಿಂಗಳ ಬಾಡಿಗೆಗೆ ದಿಕ್ಕಿಲ್ಲದ ಹೊತ್ತಿನಲ್ಲಿ ಎಂಥ ಕಾಗದಕ್ಕೂ ಸಹಿ ಬೀಳುತ್ತದೆ, ಅದನ್ನು ನಾನು ತುಂಬಾ ನೋಡಿದ್ದೇನೆ. ವೇದಿಕೆಯಿಂದ ಒಂದು ಪೂರ್ತಿ ವರ್ಷ ಸಂಬಳದ ಅರ್ಧದಷ್ಟು ಬಂದರೆ ಆಗ ಮತ್ತೆ ಬರೆಯಿರಿ, ಲೆಕ್ಕ ಹಾಕಿ ಮಾತಾಡೋಣ. ಅಲ್ಲಿಯವರೆಗೆ ವರ್ಷಕ್ಕೆ ಎರಡೇ ಹಾಡು ಮಾಡಿದರೂ ಪರವಾಗಿಲ್ಲ.

ಕಂಪನಿಗೆ ಕಳಿಸಬೇಕಾದ ಉತ್ತರವನ್ನು ಬರೆದಿದ್ದೇನೆ, ಫೋನ್‌ನಲ್ಲಿ ಹೇಳಬೇಡಿ, ಇಮೇಲ್ ಮಾಡಿ:

'ನಮಸ್ಕಾರ. ನನ್ನ ಹಾಡುಗಳ ಬಗ್ಗೆ ಆಸಕ್ತಿ ತೋರಿದ್ದಕ್ಕೆ ಧನ್ಯವಾದ. ಹಕ್ಕನ್ನು ಶಾಶ್ವತವಾಗಿ ಬರೆದುಕೊಡಲು ನಾನು ಸಿದ್ಧಳಿಲ್ಲ. ಎರಡು ಹಾಡಿನ ರೆಕಾರ್ಡಿಂಗ್‌ಗೆ 3 ವರ್ಷದ ಲೈಸೆನ್ಸ್ ಕೊಡಬಲ್ಲೆ. ಸಾಹಿತ್ಯ ಮತ್ತು ರಾಗದ ಹಕ್ಕು ನನ್ನಲ್ಲೇ ಇರುತ್ತದೆ, ಅದರ ರಾಯಲ್ಟಿಯನ್ನು ಐಪಿಆರ್‌ಎಸ್ ಮೂಲಕ ಪಡೆಯುತ್ತೇನೆ. ಮುಂಗಡ ಎಷ್ಟು, ಆದಾಯದಲ್ಲಿ ನನ್ನ ಪಾಲು ಎಷ್ಟು, ಲೆಕ್ಕ ಯಾವಾಗ ಕೊಡುತ್ತೀರಿ ಎಂದು ತಿಳಿಸಿ. ಸೆಕ್ಷನ್ 19(4)ರ ಸಾಲನ್ನೂ ಮುಂದಿನ ಹಾಡುಗಳ ಕಲಮನ್ನೂ ತೆಗೆದ ಹೊಸ ಕರಡು ಕಳಿಸಿದರೆ ಓದಿ ಉತ್ತರಿಸುತ್ತೇನೆ.'

ಎರಡು ಹಾಡು ಅಂತ ಬರೆದಿದ್ದು ಯೋಚಿಸಿಯೇ. ರೀಲ್ಸ್‌ನಲ್ಲಿ ಓಡಿದ ಆ ಹಾಡು ಈ ಎರಡರಲ್ಲಿ ಇರಬಾರದು. ಹೊಸ ಕರಡು ಬಂದರೆ ಸಹಿಗೆ ಮೊದಲು ಕಾಪಿರೈಟ್ ಗೊತ್ತಿರುವ ವಕೀಲರಿಗೆ ಒಮ್ಮೆ ತೋರಿಸಿ. ಇಮೇಲ್ ನಾಳೆ ಕಳಿಸಿದರೂ ನಡೆಯುತ್ತದೆ. ಯೂಟ್ಯೂಬ್ ಕ್ಲೇಮ್‌ಗೆ ಮಾತ್ರ ಇವತ್ತೇ ಪ್ರೋಗ್ರಾಮರ್‌ಗೆ ಫೋನ್ ಮಾಡಿ, ಬಗೆಹರಿಯದಿದ್ದರೆ ಇವತ್ತೇ ಡಿಸ್ಪ್ಯೂಟ್ ಹಾಕಿ. ಜೊತೆಗೆ ಸ್ಟುಡಿಯೊಗೆ ದುಡ್ಡು ಕಳಿಸಿದ ಯುಪಿಐ ರಸೀದಿ, ಪ್ರೋಗ್ರಾಮರ್ ಜೊತೆಗಿನ ವಾಟ್ಸಾಪ್ ಮಾತುಕತೆ, ನೀವು ಮೊಬೈಲ್‌ನಲ್ಲಿ ಮೊದಲು ಗುನುಗಿ ಇಟ್ಟ ರೆಕಾರ್ಡಿಂಗ್ ಇವನ್ನೆಲ್ಲ ದಿನಾಂಕ ಕಾಣುವ ಹಾಗೆ ಒಂದು ಫೋಲ್ಡರ್‌ನಲ್ಲಿ ಹಾಕಿಡಿ.